ಬಸಂತ್‌ನ ಗೂನು

ನಮ್ಮ ಊಟದ ಮೇಜಿನ ಅರ್ಧ ಭಾಗ ಏಳು ತಿಂಗಳಿಂದ ವಿಮಾನ ಕಾರ್ಖಾನೆ. ಉಳಿದ ಅರ್ಧದಲ್ಲಿ ನಾವು ಮೂವರು ಮೊಣಕೈ ತಾಗಿಸಿಕೊಂಡು ಊಟ ಮಾಡುತ್ತೇವೆ. ಪುಣೆಯ ಪಿಂಪಳೆ ಸೌದಾಗರದ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಇದಕ್ಕಿಂತ ಹೆಚ್ಚು ಜಾಗ ಕೇಳುವ ಧೈರ್ಯ ನನಗಿಲ್ಲ. ಹಗಲು ಹೊತ್ತು ನಾನು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಎಂದರೆ, ಬೇರೆಯವರು ಮಾಡುವ ಕೆಲಸ ಯಾವಾಗ ಮುಗಿಯುತ್ತದೆ ಎಂದು ಕೇಳುತ್ತಾ ಕೂರುವವನು. ರಾತ್ರಿ ಹತ್ತರ ಮೇಲೆ ಬ್ಲೇಡು, ಸ್ಕೇಲು, ಎಮರಿ ಪೇಪರ್ ಹಿಡಿದು ಕೂತರೆ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳುವುದಿಲ್ಲ.

ಒಂದು ರಾತ್ರಿ ಮಗಳು ಪಕ್ಕದಲ್ಲಿ ನಿಂತು ನೋಡಿ ಬೇರೆಯದೇ ಪ್ರಶ್ನೆ ಕೇಳಿದಳು: "ಅಪ್ಪಾ, ಈ ವಿಮಾನಕ್ಕೆ ಯಾಕೆ ಗೂನು?"

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಮಾಡುತ್ತಿರುವುದು ಬಸಂತ್, ಹೊಲಕ್ಕೆ ಔಷಧಿ ಸಿಂಪಡಿಸಲೆಂದೇ ನಮ್ಮ ಬೆಂಗಳೂರಿನ ಎಚ್ಎಎಲ್ ರೂಪಿಸಿದ ವಿಮಾನ. ನೋಡಲು ಚಂದವಿಲ್ಲ. ಮೂಗು ಉದ್ದ, ಮುಂದಕ್ಕೆ ಇಳಿಜಾರು. ರೆಕ್ಕೆಗಳು ಕೆಳಗೆ, ಅವಕ್ಕೆ ಮೈಯಿಂದ ಇಳಿಬಿಟ್ಟ ಊರುಗೋಲಿನಂಥ ಆನಿಕೆಗಳು. ಪೈಲಟ್ ಕೂರುವ ಗಾಜಿನ ಗೂಡು ಮಾತ್ರ ಒಂಟೆಯ ಡುಬ್ಬದ ಹಾಗೆ ಬೆನ್ನ ಮೇಲೆ ಎದ್ದು ಕೂತಿದೆ. ಮಿರಾಜ್, ಮಿಗ್‌ಗಳ ಚಿತ್ರ ನೋಡಿ ಬೆಳೆದ ಕಣ್ಣಿಗೆ ಇದು ವಿಮಾನವೇ ಅಲ್ಲ, ರೆಕ್ಕೆ ಹಚ್ಚಿದ ಟ್ರ್ಯಾಕ್ಟರ್.

ಮಾದರಿ ವಿಮಾನ ಮಾಡುವವರಲ್ಲಿ ಎರಡು ಪಂಗಡ. ಕಿಟ್ ತಂದು ಜೋಡಿಸುವವರು ಮೊದಲನೆಯವರು. ಭಾಗಗಳೆಲ್ಲ ಅಚ್ಚಾಗಿ ಬಂದಿರುತ್ತವೆ, ಕತ್ತರಿಸಿ, ಅಂಟಿಸಿ, ಬಣ್ಣ ಬಳಿದರಾಯಿತು. ಕಿಟ್ ಸಿಗದ ವಿಮಾನಕ್ಕೆ ಆಸೆಪಟ್ಟು ಪ್ಲಾಸ್ಟಿಕ್ ಹಾಳೆ, ಮರದ ತುಂಡು, ತಾಮ್ರದ ತಂತಿಯಿಂದ ಎಲ್ಲವನ್ನೂ ಕೈಯಾರೆ ಮಾಡಿಕೊಳ್ಳುವವರು ಎರಡನೆಯವರು. ಇದಕ್ಕೆ ಸ್ಕ್ರ್ಯಾಚ್‌ಬಿಲ್ಡಿಂಗ್ ಎಂದು ಹೆಸರು. ಕಿಟ್ ಜೋಡಿಸುವವನಿಗೆ ವಿಮಾನದ ಆಕಾರ ಯಾಕೆ ಹಾಗಿದೆ ಎಂಬ ಚಿಂತೆ ಬೇಕಿಲ್ಲ. ಮೊದಲಿನಿಂದ ಮಾಡುವವನಿಗೆ ಬೇಕು. ಒಂದು ಗೆರೆ ಎಲ್ಲಿ ತಿರುಗುತ್ತದೆ ಎಂದು ಫೋಟೋದಲ್ಲಿ ಕಾಣದಿದ್ದರೆ, ಅದು ಎಲ್ಲಿ ತಿರುಗಬೇಕಿತ್ತು ಎಂದು ಯೋಚಿಸಿಯೇ ಕಂಡುಕೊಳ್ಳಬೇಕು. ಹಾಗೆ ಯೋಚಿಸುತ್ತಾ ಹೋದಾಗ ಆ ಗೂನು ನನ್ನನ್ನು ಎಲ್ಲೆಲ್ಲಿಗೋ ಕರೆದೊಯ್ದಿತು.

ಬಸಂತ್ ಎಂದರೆ ನಮ್ಮ ವಸಂತವೇ. ಎಚ್ಎಎಲ್ ಆಗ ವಿಮಾನಗಳಿಗೆ ಇಡುತ್ತಿದ್ದ ಹೆಸರುಗಳೇ ಹಾಗೆ: ಪುಷ್ಪಕ್, ಕೃಷಕ್, ಮಾರುತ್, ಕಿರಣ್. ಇದರಲ್ಲಿ ಒಂದು ತಮಾಷೆಯುಂಟು. ರೈತನ ಹೆಸರು ಹೊತ್ತ ಕೃಷಕ್ ಹೊಲದ ಕೆಲಸಕ್ಕೆ ಹೋದದ್ದಲ್ಲ. 1959ರಲ್ಲಿ ಹಾರಿದ ಆ ವಿಮಾನ ಸೈನ್ಯಕ್ಕೆ ಸೇರಿತು. ಫಿರಂಗಿ ಗುಂಡು ಎಲ್ಲಿ ಬೀಳುತ್ತಿದೆ ಎಂದು ಮೇಲಿನಿಂದ ನೋಡಿ ಹೇಳುವುದು ಅದರ ಕೆಲಸವಾಯಿತು. ನಿಜವಾಗಿ ಹೊಲಕ್ಕಿಳಿಯಬೇಕಾಗಿದ್ದ ವಿಮಾನಕ್ಕೆ ಋತುವಿನ ಹೆಸರು ಬಂತು.

ಅದು ಹಸಿರು ಕ್ರಾಂತಿಯ ಕಾಲ. ಹೊಸ ಬೀಜ, ಹೊಸ ಗೊಬ್ಬರ, ಹೊಸ ಔಷಧಿ. ಔಷಧಿ ಸಿಂಪಡಿಸುವ ವಿಮಾನವನ್ನೂ ನಾವೇ ಮಾಡಿಕೊಳ್ಳೋಣ ಎಂದು 1960ರ ದಶಕದ ಕೊನೆಯಲ್ಲಿ ಕೆಲಸ ಶುರುವಾಯಿತು. ಎಚ್ಎ-31 ಎಂಬ ಮೊದಲ ವಿನ್ಯಾಸ ತೃಪ್ತಿ ಕೊಡಲಿಲ್ಲ. ಅದನ್ನು ಬದಿಗಿಟ್ಟು ಮತ್ತೆ ಬರೆದರು. ಹೀಗೆ ತಿದ್ದಿ ಬರೆದ ಎರಡನೇ ರೂಪ 1972ರ ಮಾರ್ಚ್ 30ರಂದು ಮೊದಲ ಬಾರಿ ಹಾರಿತು. 400 ಅಶ್ವಶಕ್ತಿಯ, ಎಂಟು ಸಿಲಿಂಡರಿನ ಅಮೆರಿಕದ ಲೈಕಮಿಂಗ್ ಎಂಜಿನ್. ರೆಕ್ಕೆಯ ತುದಿಯಿಂದ ತುದಿಗೆ 12 ಮೀಟರ್, ಉದ್ದ 9 ಮೀಟರ್. 1974ರಲ್ಲಿ ಮೊದಲ ತಂಡದ ವಿಮಾನಗಳು ಕೇಂದ್ರ ಕೃಷಿ ಸಚಿವಾಲಯದ ಕೈಸೇರಿದವು. 1980ಕ್ಕೆ ತಯಾರಿಕೆ ನಿಂತಿತು. ಒಟ್ಟು ಆದದ್ದು 39.

ನನ್ನ ಮಾದರಿ 48ರಲ್ಲಿ ಒಂದು ಪಾಲಿನದು. 12 ಮೀಟರಿನ ರೆಕ್ಕೆ ನನ್ನ ಮೇಜಿನ ಮೇಲೆ 250 ಮಿಲಿಮೀಟರ್. 9 ಮೀಟರಿನ ಉದ್ದ 187.5. ಪೈಲಟ್ ನನ್ನ ಹೆಬ್ಬೆರಳಿನ ಅರ್ಧದಷ್ಟು.

ಅಳತೆಗೆಂದು ಕಳೆದ ದೀಪಾವಳಿಗೆ ಊರಿಗೆ ಹೋಗುವಾಗ ಬೆಂಗಳೂರಿನಲ್ಲಿ ಒಂದು ದಿನ ಉಳಿದೆ. ಎಚ್ಎಎಲ್ ವಸ್ತುಸಂಗ್ರಹಾಲಯದಲ್ಲಿ ಬಸಂತ್ ಒಂದು ನಿಂತಿದೆ. ಜನ ಮಾರುತ್ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಇದನ್ನು ದಾಟಿ ಹೋಗುತ್ತಿದ್ದರು. ಮುಟ್ಟಿ ಅಳೆಯುವಂತಿಲ್ಲವಾದ್ದರಿಂದ ದೂರ ನಿಂತು, ಲೆನ್ಸ್ ಉದ್ದ ಮಾಡಿ, ಪಕ್ಕದಿಂದ, ಮುಂದಿನಿಂದ, ಹಿಂದಿನಿಂದ ತೆಗೆದೆ. ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ ಬಾಲ ಚಿಕ್ಕದಾಗಿ ಬರುತ್ತದೆ. ದೂರದಿಂದ ತೆಗೆದ ಚಿತ್ರದಲ್ಲಿ ಆ ಮೋಸ ಕಡಿಮೆ. ಚಿತ್ರದಲ್ಲಿ ವಿಮಾನದ ಒಟ್ಟು ಉದ್ದ 9 ಮೀಟರ್ ಎಂದು ಗೊತ್ತಿರುವಾಗ ಉಳಿದದ್ದೆಲ್ಲ ತ್ರೈರಾಶಿ ಲೆಕ್ಕ. ಎಂಟೆಕ್ ಓದಿದ್ದು ಕೊನೆಗೂ ಕೆಲಸಕ್ಕೆ ಬಂತು ಎಂದು ಹೆಂಡತಿ ನಕ್ಕಳು. ನನ್ನದು ಮೆಕ್ಯಾನಿಕಲ್, ನಮ್ಮ ತಲೆಮಾರಿನ ಎಷ್ಟೋ ಜನರ ಹಾಗೆ ನಾನೂ ಯಂತ್ರ ಬಿಟ್ಟು ಸಾಫ್ಟ್‌ವೇರಿಗೆ ಬಂದವನು.

ಪುಣೆಗೆ ಮರಳಿ, ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಸಾಮಾನು ಮಾರುವ ಅಂಗಡಿಯಿಂದ ಒಂದು ಮಿಲಿಮೀಟರ್ ದಪ್ಪದ ಬಿಳಿ ಪ್ಲಾಸ್ಟಿಕ್ ಹಾಳೆಗಳನ್ನು ತಂದೆ. ಮೈಯ ಅಡ್ಡಸೀಳುಗಳನ್ನು ಒಂದೊಂದಾಗಿ ಕತ್ತರಿಸಿ, ನಡುವೆ ಬೆನ್ನೆಲುಬಿನಂಥ ಪಟ್ಟಿ ಕೊಟ್ಟು ನಿಲ್ಲಿಸಿದೆ. ಮೂಗಿನಿಂದ ಹಿಂದಕ್ಕೆ ಬರುತ್ತಾ ಐದನೆಯ ಸೀಳಿನ ಹತ್ತಿರ ಸಿಕ್ಕಿಕೊಂಡೆ. ಎಂಜಿನ್ ಮುಗಿದ ಮೇಲೆ ಇಷ್ಟು ದೊಡ್ಡ ಖಾಲಿ ಹೊಟ್ಟೆ ಯಾಕೆ? ಪೈಲಟ್ಟನ್ನು ಇಷ್ಟು ಹಿಂದೆ, ಇಷ್ಟು ಎತ್ತರಕ್ಕೆ ಯಾಕೆ ತಳ್ಳಿದ್ದಾರೆ? ಆ ಹೊಟ್ಟೆ ಔಷಧಿಯ ಹಂಡೆಯದು ಎಂದು ತಿಳಿಯಲು ತಡವಾಗಲಿಲ್ಲ. ಅದು ಪೈಲಟ್ಟಿನ ಮುಂದೆಯೇ ಏಕಿದೆ ಎಂಬುದನ್ನು ತಿಳಿಯಲು ಐವತ್ತು ವರ್ಷ ಹಿಂದಕ್ಕೆ, ಅಮೆರಿಕಕ್ಕೆ ಹೋಗಬೇಕಾಯಿತು.

1921ರ ಆಗಸ್ಟ್ 3. ಓಹಯೋ ರಾಜ್ಯದ ಟ್ರಾಯ್ ಎಂಬ ಊರಿನ ಪಕ್ಕ ಆರು ಎಕರೆಯಷ್ಟು ಕಟಾಲ್ಪಾ ಮರಗಳ ತೋಪು. ಕಂಬಳಿಹುಳ ಬಿದ್ದು ಎಲೆಗಳೆಲ್ಲ ಹೋಗಿದ್ದವು. ವಿಮಾನದಿಂದ ವಿಷದ ಪುಡಿ ಉದುರಿಸಿದರೆ ಹೇಗೆ ಎಂಬ ಯೋಚನೆ ಸಿ. ಆರ್. ನೀಲಿ ಎಂಬ ಕೀಟತಜ್ಞನದು. ಸೈನ್ಯದ ಮೆಕುಕ್ ಫೀಲ್ಡ್ ವಿಮಾನ ನೆಲೆಯಿಂದ ಲೆಫ್ಟಿನೆಂಟ್ ಜಾನ್ ಮೆಕ್ರೆಡಿ ಒಂದು ಕರ್ಟಿಸ್ ಜೆನ್ನಿ ಹಾರಿಸಿಕೊಂಡು ಬಂದ. ಅದರ ಪಕ್ಕಕ್ಕೆ ಒಂದು ಡಬ್ಬ ಕಟ್ಟಿತ್ತು. ಡಬ್ಬವನ್ನು ರೂಪಿಸಿದ ಎಟಿಯೆನ್ ಡೊರ್ಮೊಯ್ ತಾನೇ ಹಿಂದೆ ಕೂತು ಹಿಡಿ ತಿರುಗಿಸಿ ಪುಡಿ ಬಿಟ್ಟ. ಪುಡಿ ಯಾವುದು ಗೊತ್ತೇ? ಲೆಡ್ ಆರ್ಸೆನೇಟ್, ಸೀಸ ಮತ್ತು ಪಾಷಾಣ ಒಟ್ಟಿಗೆ. ಗಾಳಿ ಬೀಸುವ ಬದಿಯಲ್ಲಿ ತೋಪಿನ ಪಕ್ಕಕ್ಕೆ ತಗ್ಗಿನಲ್ಲಿ ಹಾರುತ್ತಾ ಹೋದರೆ ಗಾಳಿಯೇ ಪುಡಿಯನ್ನು ಮರಗಳ ಮೇಲೆ ತಳ್ಳುತ್ತಿತ್ತು. ಪುಡಿ ಬಿಟ್ಟ ಹೊತ್ತು ಎಲ್ಲ ಸೇರಿಸಿದರೂ ಒಂದು ನಿಮಿಷವಾಗಲಿಲ್ಲ. ಹುಳಗಳು ರಾಶಿ ರಾಶಿಯಾಗಿ ಉದುರಿದವು. ಗಾಳಿ ಪುಡಿಯನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದರ ಮೇಲೆಯೇ ಆ ಮೊದಲ ಪ್ರಯೋಗ ನಿಂತಿತ್ತು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಮರುವರ್ಷ ಲೂಯಿಸಿಯಾನದ ಟಲೂಲಾದಲ್ಲಿ ಹತ್ತಿಕಾಯಿಯ ಕೀಟದ ಮೇಲೆ ಪ್ರಯೋಗವಾಯಿತು. ಹಫ್-ಡಾಲಂಡ್ ಎಂಬ ಕಂಪನಿ ಇದನ್ನೇ ವ್ಯಾಪಾರವಾಗಿಸಿತು. 1928ರಲ್ಲಿ ಆ ವ್ಯಾಪಾರ ಕೈಬದಲಾಗಿ ಮಿಸಿಸಿಪ್ಪಿಯ ಮುಖಜಭೂಮಿಯ ಹೆಸರಿಟ್ಟುಕೊಂಡಿತು: ಡೆಲ್ಟಾ. ಇಂದು ಆನ್‌ಸೈಟಿಗೆಂದು ಅಟ್ಲಾಂಟಾಕ್ಕೆ ಹಾರುವ ನಮ್ಮ ಎಷ್ಟೋ ಸಹೋದ್ಯೋಗಿಗಳು ಕೂರುವ ಆ ಡೆಲ್ಟಾ ಏರ್‌ಲೈನ್ಸ್ ಹುಟ್ಟಿದ್ದು ಹತ್ತಿಹೊಲಕ್ಕೆ ಪಾಷಾಣ ಉದುರಿಸುವ ಕೆಲಸದಲ್ಲಿ.

ಎರಡನೇ ಮಹಾಯುದ್ಧ ಮುಗಿದಾಗ ಸೈನ್ಯ ತರಬೇತಿಯ ಸ್ಟಿಯರ್‌ಮನ್ ವಿಮಾನಗಳನ್ನು ಅಗ್ಗಕ್ಕೆ ಮಾರಿತು. ಮುಂದಿನ ಸೀಟು ಕಿತ್ತು ಹಂಡೆ ಕೂರಿಸಿ, ದೊಡ್ಡ ಎಂಜಿನ್ ಹಾಕಿಕೊಂಡು ಜನ ಹೊಲಗಳ ಮೇಲೆ ಹಾರಿದರು. ಸಾಯುವವರೂ ಬಹಳ. ತೆಂಗಿನಮರಕ್ಕಿಂತ ತಗ್ಗಿನಲ್ಲಿ ಹಾರುವ ಕೆಲಸ. ಹೊಲದ ಕೊನೆಯಲ್ಲಿ ವಿದ್ಯುತ್ ತಂತಿ, ಅದನ್ನು ದಾಟಲು ಮೇಲಕ್ಕೆ ಎಳೆದು ತಿರುಗಿಸಬೇಕು. ಹಂಡೆ ತುಂಬಿದಾಗ ವಿಮಾನ ಮಾತು ಕೇಳುವುದಿಲ್ಲ. ಇನ್ನು ಕೆಲವು ಚಿಕ್ಕ ವಿಮಾನಗಳಲ್ಲಿ ಹಂಡೆ ಪೈಲಟ್ಟಿನ ಬೆನ್ನ ಹಿಂದೆ. ನೆಲಕ್ಕೆ ಬಡಿದಾಗ ಎದುರಿಗೆ ಎಂಜಿನ್, ಹಿಂದಿನಿಂದ ಹಂಡೆಯ ಭಾರ, ನಡುವೆ ಮನುಷ್ಯ.

ಇಲ್ಲಿ ಬರುತ್ತಾನೆ ಫ್ರೆಡ್ ವೈಕ್. ನನಗೆ ಈ ಕತೆಯಲ್ಲಿ ಬಹಳ ಇಷ್ಟವಾದ ಮನುಷ್ಯ. ವಿಮಾನದ ಎಂಜಿನ್ನಿಗೆ ಹೊದಿಕೆ ಹಾಕಿ ಗಾಳಿಯ ಎಳೆತ ತಗ್ಗಿಸುವ ಕೆಲಸದಲ್ಲಿ ಮೊದಲೇ ಹೆಸರು ಮಾಡಿದ್ದವನು. ಆ ಕೆಲಸಕ್ಕೆ 1929ರ ಕೋಲಿಯರ್ ಪ್ರಶಸ್ತಿ ಅವನ ಸಂಸ್ಥೆಗೆ ಸಂದಿತ್ತು. ಯುದ್ಧದ ನಂತರ ಅವನು ಟೆಕ್ಸಾಸಿನ ಎ ಅಂಡ್ ಎಂ ಕಾಲೇಜಿಗೆ ಬಂದು ಹೊಲದ ಕೆಲಸಕ್ಕೆಂದೇ ಒಂದು ವಿಮಾನ ಬರೆದ. ಎಜಿ-1 ಅದರ ಹೆಸರು. 1950ರ ಡಿಸೆಂಬರ್ 1ರಂದು ಹಾರಿತು.

ವೈಕ್ ಆಧರಿಸಿದ್ದು ಹ್ಯೂ ಡಿಹೇವನ್ ಎಂಬವನ ಕೆಲಸವನ್ನು. ಮೊದಲ ಮಹಾಯುದ್ಧದ ಕಾಲದಲ್ಲಿ ತರಬೇತಿಯಲ್ಲಿದ್ದಾಗ ಡಿಹೇವನ್‌ನ ವಿಮಾನ ಆಗಸದಲ್ಲೇ ಇನ್ನೊಂದಕ್ಕೆ ಡಿಕ್ಕಿ ಹೊಡೆದು ಬಿತ್ತು. ಬದುಕಿದ. ಆದರೆ ಒಳಗಾಯ ಮಾಡಿದ್ದು ಅವನನ್ನು ಕಾಪಾಡಬೇಕಿದ್ದ ಬೆಲ್ಟಿನ ಬಕಲ್. ಆ ಯೋಚನೆ ಅವನನ್ನು ಬಿಡಲಿಲ್ಲ. 1942ರಲ್ಲಿ ಅವನು ಒಂದು ವಿಚಿತ್ರ ಅಧ್ಯಯನ ಪ್ರಕಟಿಸಿದ: ಐವತ್ತರಿಂದ ನೂರೈವತ್ತು ಅಡಿ ಎತ್ತರದಿಂದ ಬಿದ್ದೂ ಬದುಕಿದವರು ಹೇಗೆ ಬದುಕಿದರು? ಬಿದ್ದ ಜಾಗ ಸ್ವಲ್ಪ ಕುಸಿದಿತ್ತು, ಏಟು ಮೈತುಂಬ ಹಂಚಿತ್ತು, ಅಷ್ಟೇ. ಮನುಷ್ಯನ ದೇಹ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ತಡೆಯುತ್ತದೆ. ಸುತ್ತಲಿನ ಕಟ್ಟಡ ಸರಿಯಾಗಿ ಕುಸಿಯಬೇಕು.

ಓದುವಾಗ ನನಗೆ ನೆನಪಾದದ್ದು ಅಡಿಕೆ ಮರ. ನಮ್ಮ ಕಡೆ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಮರ ಹತ್ತಿ ಗೊನೆಗೆ ಹೊಡೆಯುತ್ತಾರೆ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣ ಹೊಡೆಯುವ ಕ್ರಮವನ್ನು ಬೆಳೆಸಿದ. ನೂರು ವರ್ಷ ದಾಟಿದರೂ ಮಳೆಗಾಲದ ನಡುವೆ ಪಾಚಿಗಟ್ಟಿದ ಮರ ಹತ್ತುವುದು ತಪ್ಪಿಲ್ಲ. ಐವತ್ತಡಿಯಿಂದ ಬಿದ್ದವರ ಮನೆ ನಮ್ಮ ಊರಿನಲ್ಲೂ ಉಂಟು. ಹಾಗಾಗಿ ಆಕಾಶದಿಂದ ಔಷಧಿ ಹೊಡೆಯುವ ಆಸೆಯನ್ನು ಮೂರ್ಖತನ ಎಂದು ನಾನು ಎಂದೂ ಹೇಳಲಾರೆ. ಯಾರೂ ಮರದಿಂದ ಬೀಳದಿರಲಿ ಎಂಬ ಆಸೆಯಲ್ಲಿ ಏನು ತಪ್ಪು?

ವೈಕ್ ಮಾಡಿದ್ದು ಇಷ್ಟು. ಎಂಜಿನ್ ಎಲ್ಲಕ್ಕಿಂತ ಮುಂದೆ. ಅದರ ಹಿಂದೆ ಹಂಡೆ. ಪೈಲಟ್ ಭಾರವೆಲ್ಲದರ ಹಿಂದೆ. ಬಡಿದರೆ ಮೊದಲು ಮುಂದಿನ ಚೌಕಟ್ಟು ಮಡಚಿ ಏಟು ನುಂಗಬೇಕು, ಪೈಲಟ್ಟಿನ ಗೂಡು ಕೊನೆಯವರೆಗೂ ಗಟ್ಟಿ ಉಳಿಯಬೇಕು. ಗುರುತ್ವದ 40 ಪಟ್ಟು ಎಳೆತ ತಡೆಯುವ ಸೀಟು, ಬೆಲ್ಟು. ಹಿಂದೆ ಕೂರಿಸಿದರೆ ಮೂಗು ಕಣ್ಣಿಗೆ ಅಡ್ಡ ಬರುತ್ತದೆ. ಅದಕ್ಕೆ ಸೀಟನ್ನು ಎತ್ತರಿಸಿ ಮೂಗನ್ನು ಇಳಿಜಾರು ಮಾಡಿದ. ಅದೇ ಗೂನು. ವೈಕ್‌ನ ಮುಂದಿನ ವಿನ್ಯಾಸ ಪೈಪರ್ ಪಾನಿ ಎಂಬ ಹೆಸರಲ್ಲಿ ಸಾವಿರಗಟ್ಟಲೆ ತಯಾರಾಯಿತು. ಹೊಲದ ಕೆಲಸದ ವಿಮಾನ ಎಂದರೆ ಹೀಗಿರಬೇಕು ಎಂಬ ಪಾಠ ಜಗತ್ತಿಗೆಲ್ಲ ಆಯಿತು. ನಮ್ಮ ಬಸಂತ್ ಆ ವಂಶದ ಕುಡಿ.

ಮಗಳಿಗೆ ಹೇಳಿದೆ: ಬಿದ್ದರೆ ಪೈಲಟ್ ಸಾಯಬಾರದು ಅಂತ ಗೂನು. ಅವಳಿಗೆ ಸಮಾಧಾನವಾಯಿತು. ನನಗೂ ಆ ವಿಮಾನ ಚಂದ ಕಾಣತೊಡಗಿತು. ಆ ಹುಮ್ಮಸ್ಸಿನಲ್ಲಿ ಗಾಜಿನ ಗೂಡಿಗೆ ಕೈಹಾಕಿದೆ. ಮರದಲ್ಲಿ ಅಚ್ಚು ಕೆತ್ತಿ, ನುಣುಪು ಮಾಡಿ, ತೆಳು ಪಾರದರ್ಶಕ ಹಾಳೆಯನ್ನು ಗ್ಯಾಸ್ ಒಲೆಯ ಮೇಲೆ ಬಿಸಿ ಮಾಡಿ ಅಚ್ಚಿನ ಮೇಲೆ ಎಳೆಯಬೇಕು. ಮೊದಲನೆಯದು ಸುಟ್ಟಿತು, ಎರಡನೆಯದಕ್ಕೆ ಗುಳ್ಳೆ ಎದ್ದಿತು, ಮೂರನೆಯದನ್ನು ನಾನೇ ಕೂತು ಒಡೆದೆ. ಏಳನೆಯದು ಸರಿಯಾಗಿ ಬಂತು. ರೆಕ್ಕೆ, ಬಾಲ, ಆನಿಕೆ, ಚಕ್ರ ಇವೆಲ್ಲ ಬೇಗ ಮುಗಿದವು. ಅವುಗಳ ಬಗ್ಗೆ ಹೇಳುವಂಥದ್ದೇನಿಲ್ಲ.

ಉಳಿದದ್ದು ಸಿಂಪಡಿಸುವ ಕೊಳವೆ. ರೆಕ್ಕೆಯ ಹಿಂಬದಿಗೆ ಉದ್ದಕ್ಕೆ ಕಟ್ಟಿದ ಒಂದು ಪೈಪು, ಅದಕ್ಕೆ ಸಾಲಾಗಿ ನಾಜಲ್‌ಗಳು. ಸ್ಕೇಲಿಗೆ ಒಂದೊಂದು ನಾಜಲ್ ಒಂದು ಮಿಲಿಮೀಟರ್ ಇದ್ದರೆ ಹೆಚ್ಚು. ಪೈಪಿಗೆ ಇಂಜೆಕ್ಷನ್ ಸೂಜಿ, ನಾಜಲ್ಲಿಗೆ ತಾಮ್ರದ ತಂತಿಯ ಚೂರು ಎಂದು ಲೆಕ್ಕ ಹಾಕಿದ್ದೆ. ಉದ್ದ ಎಷ್ಟಿರಬೇಕು? ಸಾಮಾನ್ಯ ನಿಯಮ, ರೆಕ್ಕೆಯ ಮುಕ್ಕಾಲು ಭಾಗ ದಾಟಬಾರದು. ರೆಕ್ಕೆಯ ತುದಿಯಲ್ಲಿ ಗಾಳಿ ಸುರುಳಿ ಸುತ್ತಿ ಮೇಲೇಳುತ್ತದೆ. ಪೈಪು ಅಲ್ಲಿಯವರೆಗೆ ಹೋದರೆ ಹನಿಗಳು ಬೆಳೆಗೆ ಇಳಿಯದೆ ಸುರುಳಿಗೆ ಸಿಕ್ಕಿ ಮೇಲೆ ಹೋಗುತ್ತವೆ.

ಹೋಗಿ ಎಲ್ಲಿ ಬೀಳುತ್ತವೆ? ರಾತ್ರಿ ಹನ್ನೊಂದೂವರೆಗೆ ಕಾಗದ ತೆಗೆದು ಲೆಕ್ಕ ಮಾಡಿದೆ. 100 ಮೈಕ್ರಾನಿನ ಹನಿ, ಎಂದರೆ ಮಿಲಿಮೀಟರಿನ ಹತ್ತನೇ ಒಂದು ಪಾಲು, ಮೂರು ಮೀಟರ್ ಎತ್ತರದಿಂದ ನೆಲ ಮುಟ್ಟಲು ಹತ್ತು ಹನ್ನೆರಡು ಸೆಕೆಂಡು ಬೇಕು. ಸೆಕೆಂಡಿಗೆ ಎರಡು ಮೀಟರಿನ ಸಣ್ಣ ಗಾಳಿ ಇದ್ದರೆ ಇಪ್ಪತ್ತು ಇಪ್ಪತ್ತೈದು ಮೀಟರ್ ಪಕ್ಕಕ್ಕೆ ಬೀಳುತ್ತದೆ. ಅದೇ 20 ಮೈಕ್ರಾನಿನ ಹನಿಯಾದರೆ ಇಳಿಯಲು ನಾಲ್ಕು ನಿಮಿಷ. ಅಷ್ಟರಲ್ಲಿ ಅರ್ಧ ಕಿಲೋಮೀಟರ್ ಹೋಗಿರುತ್ತದೆ. ಹದಿನೈದು ಮೀಟರ್ ಎತ್ತರದಿಂದ ಬಿಟ್ಟರೆ ಎರಡೂವರೆ ಕಿಲೋಮೀಟರ್. ಸ್ಟೋಕ್ಸ್‌ನ ಹಳೆಯ ಸೂತ್ರ, ಮೊದಲ ವರ್ಷದ ಎಂಜಿನಿಯರಿಂಗ್ ಹುಡುಗ ಮಾಡುವ ಲೆಕ್ಕ. ಎರಡು ಸಲ ಮಾಡಿದೆ. ಉತ್ತರ ಬದಲಾಗಲಿಲ್ಲ.

ಈಗ ಆ ಹೆಲಿಕಾಪ್ಟರಿನ ಕತೆ ಹೇಳಬೇಕು.

ವಿಟ್ಲದಿಂದ ಆಚೆ, ಕೇರಳದ ಗಡಿಗೆ ತಾಗಿದ ಹಳ್ಳಿಯಲ್ಲಿ ನನ್ನ ಅಜ್ಜನ ಮನೆ. ಅಡಿಕೆ ತೋಟ ಕಣಿವೆಯಲ್ಲಿ, ಮನೆ ಅದರ ಅಂಚಿಗೆ, ಗುಡ್ಡದ ಮೇಲೆ ಗೇರುತೋಟ. ಏಳೋ ಎಂಟೋ ವರ್ಷದವನಿದ್ದಾಗ ಒಂದು ಬೆಳಿಗ್ಗೆ ಗುಡ್ಡದ ನೆತ್ತಿಯಲ್ಲಿ ಹೆಲಿಕಾಪ್ಟರ್ ಕಾಣಿಸಿತು. ನಾನು ಅಷ್ಟು ಹತ್ತಿರದಿಂದ ನೋಡಿದ ಮೊದಲ ಹಾರುವ ಯಂತ್ರ. ಅಂಗಳದಿಂದ ಗದ್ದೆಯ ಕಟ್ಟೆಯವರೆಗೆ ಓಡಿ, ಅಂಗಿ ಬಿಚ್ಚಿ ಬೀಸಿದೆ. ಅದು ತಿರುಗಿ ನಮ್ಮ ತಲೆ ಮೇಲೆಯೇ ಬಂದು ಮತ್ತೆ ಗುಡ್ಡಕ್ಕೆ ಹೋಯಿತು. ಅತ್ತೆ ಬಂದು ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದರು. ವಿಮಾನದ ಹುಚ್ಚು ಯಾವಾಗ ಹಿಡಿಯಿತು ಎಂದು ಯಾರಾದರೂ ಕೇಳಿದರೆ ಇಷ್ಟು ವರ್ಷವೂ ಈ ಕತೆಯನ್ನು ನಗುತ್ತಾ ಹೇಳುತ್ತಿದ್ದೆ. ಕಾಲೇಜಿನ ಸಂದರ್ಶನದಲ್ಲೂ ಹೇಳಿದ್ದೇನೆ.

ಮರುದಿನ ಮಾವನಿಗೆ ಫೋನ್ ಮಾಡಿದೆ.

"ಎಂತ ಮಾಡ್ತಾ ಇದ್ದಿ ಈಗ?" ಎಂದು ಕೇಳಿದರು. ವಿಮಾನ ಮಾಡುತ್ತಿದ್ದೇನೆ, ಹೊಲಕ್ಕೆ ಔಷಧಿ ಬಿಡುವಂಥದ್ದು, ಎಂದೆ.

"ಮದ್ದು ಬಿಡುವುದಾ? ಅದೆಂತಕ್ಕೆ ಮಾರಾಯ ನಿನಗೆ?"

ನಮ್ಮ ಕಡೆ ಕೀಟನಾಶಕಕ್ಕೂ ಮದ್ದು, ಜ್ವರಕ್ಕೂ ಮದ್ದು. ಆ ಹೆಲಿಕಾಪ್ಟರ್ ನೆನಪುಂಟಾ ಎಂದು ಕೇಳಿದೆ.

"ನೆನಪಿಲ್ಲದೆ? ಮುಂಚಿನ ದಿನ ಬಂದು ಹೇಳಿ ಹೋಗುತ್ತಿದ್ದರು, ಬಾವಿ ಮುಚ್ಚಿ ಅಂತ. ಬಾವಿಗೆ ಮಡಲು ಹಾಕಿ ಮುಚ್ಚಿದೆವು. ಸುರಂಗದ ಬಾಯಿಗೆ ಗೋಣಿ ಕಟ್ಟಿದೆವು. ತೋಡನ್ನು ಎಂತದರಲ್ಲಿ ಮುಚ್ಚುವುದು?" ಸ್ವಲ್ಪ ತಡೆದು, "ಹನ್ನೊಂದು ಜೇನು ಪೆಟ್ಟಿಗೆ ಇತ್ತು ನನ್ನದು. ಒಂದು ವಾರದಲ್ಲಿ ಹನ್ನೊಂದೂ ಖಾಲಿ. ನಿನಗೆ ಆಗ ಅದೆಲ್ಲ ಎಲ್ಲಿ ಗೊತ್ತು, ನೀನು ಅಂಗಿ ಬೀಸುತ್ತಾ ಇದ್ದೆ."

ಗೇರಿಗೆ ಹೂ ಬಿಡುವಾಗ ಬೀಳುವ ಟೀ ಸೊಳ್ಳೆ ಎಂಬ ಕೀಟಕ್ಕೆ ಎಂಡೋಸಲ್ಫಾನ್. ಮುಂದಿನದು ಈ ಓದುಗರಲ್ಲಿ ಬಹಳ ಜನರಿಗೆ ಗೊತ್ತಿರುವ ಇತಿಹಾಸ. ಕಾಸರಗೋಡಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯ ಸುತ್ತಲೂ ಅದೇ ನಡೆಯಿತು. ಕೈಕಾಲು ಸರಿಯಿಲ್ಲದ ಕರುಗಳು ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀ ಪಡ್ರೆ 1980ರ ದಶಕದ ಆರಂಭದಲ್ಲೇ ಬರೆದರು. ತನ್ನ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಒಂದೇ ಬಗೆಯ ಕಾಯಿಲೆಗಳು ಹೆಚ್ಚುತ್ತಿರುವುದನ್ನು ಎಣ್ಮಕಜೆಯ ವೈದ್ಯ ವೈ. ಎಸ್. ಮೋಹನ ಕುಮಾರ್ ಗಮನಿಸಿ ಎಚ್ಚರಿಸಿದರು. ಸಮಿತಿಗಳ ಮೇಲೆ ಸಮಿತಿ ಕೂತವು. ಔಷಧಿಗೂ ಕಾಯಿಲೆಗೂ ಸಂಬಂಧ ಉಂಟೋ ಇಲ್ಲವೋ ಎಂದು ವರ್ಷಗಟ್ಟಲೆ ವಾದ ನಡೆಯಿತು. ಸುಪ್ರೀಂ ಕೋರ್ಟ್ 2011ರ ಮೇ 13ರಂದು ದೇಶದಲ್ಲಿ ಎಂಡೋಸಲ್ಫಾನ್ ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಹೇಳಿತು.

ಒಂದು ಮಾತು ಸ್ಪಷ್ಟವಾಗಿರಲಿ. ಆ ಗುಡ್ಡಗಳ ಮೇಲೆ ಹಾರಿದ್ದು ಬಸಂತ್ ಅಲ್ಲ; ಹೆಲಿಕಾಪ್ಟರ್. ಆ ಪಾಪವನ್ನು ನನ್ನ ಮೇಜಿನ ಮೇಲಿನ ಗೂನು ಬೆನ್ನಿನವನ ಮೇಲೆ ಹೊರಿಸಿದರೆ ಇತಿಹಾಸಕ್ಕೆ ಅನ್ಯಾಯ. ಬಸಂತ್ ಸಮತಟ್ಟಾದ ದೊಡ್ಡ ಹೊಲಗಳನ್ನು ಮನಸ್ಸಿನಲ್ಲಿಟ್ಟು ಹುಟ್ಟಿದ್ದು. ಎಕರೆ ಎರಡೆಕರೆಯ ತುಂಡು ಹೊಲಗಳು, ಒಬ್ಬನದು ಹತ್ತಿ, ಪಕ್ಕದವನದು ತರಕಾರಿ, ನಡುವೆ ಮನೆ, ಬಾವಿ, ದನದ ಕೊಟ್ಟಿಗೆ ಇರುವ ದೇಶದಲ್ಲಿ ಅಂಥ ವಿಮಾನಕ್ಕೆ ಜಾಗ ಕಡಿಮೆ. ಅಮೆರಿಕದ ಹೊಲದ ಅಳತೆಗೆ ಹುಟ್ಟಿದ ಆಕಾರ ಅದು. 39ಕ್ಕೆ ನಿಂತದ್ದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ. ಆದರೆ ಕಾಸರಗೋಡಿನಲ್ಲೂ ಅದೇ ಲೆಕ್ಕ. ಗುಡ್ಡದ ನೆತ್ತಿಯಲ್ಲಿ ತೋಟ, ಕೆಳಗೆ ಕಣಿವೆಯಲ್ಲಿ ಜನ, ನೀರೆಲ್ಲ ಗುಡ್ಡದ ಹೊಟ್ಟೆಯಿಂದಲೇ ಸುರಂಗದಲ್ಲಿ ಇಳಿಯಬೇಕು. 20 ಮೈಕ್ರಾನಿನ ಹನಿ ಎಷ್ಟು ದೂರ ಹೋಗುತ್ತದೆ ಎಂದು ಒಬ್ಬ ಎಂಜಿನಿಯರ್ ಒಂದು ರಾತ್ರಿ ಕೂತು ಬರೆದಿದ್ದರೆ ಸಾಕಿತ್ತು. ಸೂತ್ರ 1851ರಿಂದ ಪುಸ್ತಕದಲ್ಲಿದೆ.

ನನ್ನ ವೃತ್ತಿಯಲ್ಲಿ ಯಾವ ಕೆಲಸ ಶುರುವಾದರೂ ಮೊದಲು ಒಂದು ಪಟ್ಟಿ ಮಾಡುತ್ತೇವೆ: ಇದರಿಂದ ಯಾರ್ಯಾರಿಗೆ ಏನೇನು ಆಗುತ್ತದೆ? ಸ್ಟೇಕ್‌ಹೋಲ್ಡರ್ ಎಂಬ ಆ ಪದ ಕೇಳಿದರೆ ನಿಮ್ಮಲ್ಲಿ ಹಲವರಿಗೆ ಆಕಳಿಕೆ ಬರಬಹುದು, ನನಗೂ ಬರುತ್ತದೆ. ಆದರೆ ಐದನೆಯ ಅಡ್ಡಸೀಳಿನಿಂದ ಗಾಜಿನ ಗೂಡಿನವರೆಗೆ ನಾನು ಕತ್ತರಿಸಿದ ಒಂದೊಂದು ತುಂಡಿನಲ್ಲೂ ಒಬ್ಬ ಮನುಷ್ಯನ ಬಗ್ಗೆ ಯಾರೋ ಮಾಡಿದ ಚಿಂತೆ ಇತ್ತು. ಆ ಮನುಷ್ಯ ಪೈಲಟ್. ಆಮೇಲೆ ಸಿಂಪಡಿಸುವ ಕೊಳವೆಗೆ ಬಂದಾಗ ಹುಳದ ಚಿಂತೆ ಇತ್ತು, ಬೆಳೆಯ ಚಿಂತೆ ಇತ್ತು, ಔಷಧಿ ಪೋಲಾಗಬಾರದೆಂಬ ಚಿಂತೆಯೂ ಇತ್ತು. ಗದ್ದೆಯ ಕಟ್ಟೆಯ ಮೇಲೆ ಅಂಗಿ ಬೀಸುವ ಹುಡುಗ ಯಾವ ಗೆರೆಯಲ್ಲೂ ಇರಲಿಲ್ಲ.

ಕೊಳವೆ ಹಚ್ಚದೆ ಬಿಟ್ಟುಬಿಡೋಣ ಎಂದು ಎರಡು ವಾರ ಸುಮ್ಮನಿದ್ದೆ. ಕೊಳವೆ ಇಲ್ಲದಿದ್ದರೆ ಅದು ಬರೀ ಮುದ್ದಾದ ಗೂನು ವಿಮಾನ. ಕಪಾಟಿನಲ್ಲಿಟ್ಟರೆ ಬಂದವರು ಹೊಗಳುತ್ತಾರೆ. ಆದರೆ ಅದು ಬಸಂತ್ ಆಗುವುದಿಲ್ಲ. ಕೊನೆಗೆ ಹಚ್ಚಿದೆ. 187 ಮಿಲಿಮೀಟರ್ ಉದ್ದದ ಸೂಜಿಕೊಳವೆ, ಮೂರು ತುಂಡು ಸೇರಿಸಿದ್ದು. ಚಿಮುಟದಲ್ಲಿ ಹಿಡಿದು ಒಂದೊಂದೇ ನಾಜಲ್ ಅಂಟಿಸಲು ನಾಲ್ಕು ರಾತ್ರಿ ಬೇಕಾಯಿತು.

ಕಳೆದ ಭಾನುವಾರ ಮಾವ ವೀಡಿಯೊ ಕಾಲ್ ಮಾಡಿದಾಗ ಫೋನನ್ನು ವಿಮಾನದ ಸುತ್ತ ತಿರುಗಿಸಿ ತೋರಿಸಿದೆ. ಇನ್ನೂ ಬಣ್ಣ ಬಳಿದಿಲ್ಲ, ಪ್ರೈಮರಿನ ಬೂದಿ ಬಣ್ಣವೇ ಇದೆ. ಮಾವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಗೂನು ಯಾಕೆ ಎಂದು ಅವರು ಕೇಳಲಿಲ್ಲ. ಗಾಜಿನ ಗೂಡನ್ನು ಹತ್ತಿರದಿಂದ ತೋರಿಸಲು ಹೇಳಿದರು.

"ಇಲ್ಲಿ ಕೂತವನಿಗೆ ಕೆಳಗೆ ಕಾಣುತ್ತದಾ?"

"ಚೆನ್ನಾಗಿ ಕಾಣುತ್ತದೆ ಮಾವ. ಕಾಣಬೇಕು ಅಂತಲೇ ಹಾಗೆ ಮಾಡಿದ್ದು."

"ಹೂಂ," ಎಂದರು. ಆಮೇಲೆ ಮಾತು ಮಳೆಗೆ ಹೋಯಿತು. ಈ ಸಲ ಮಳೆ ಬಿಡುವು ಕೊಡುತ್ತಿಲ್ಲ, ಎರಡನೇ ಮದ್ದು ಇನ್ನೂ ಬಾಕಿ, ಮರ ಹತ್ತುವವರು ಯಾರೂ ಸಿಗುವುದಿಲ್ಲ. ಡ್ರೋನಿನಲ್ಲಿ ಬಿಡುತ್ತೇನೆ ಎಂದು ಪುತ್ತೂರಿನ ಒಬ್ಬ ಹುಡುಗ ಬರುತ್ತಾನಂತೆ.

"ಬರಲಿ, ನೋಡುವ. ಜೇನು ಪೆಟ್ಟಿಗೆ ಈಗ ಎರಡುಂಟು. ಅದನ್ನು ಮುಂಚಿನ ದಿನ ಅಣ್ಣನ ಮನೆಗೆ ಸಾಗಿಸಬೇಕು."